ಬೇಕಾದರೆ ಕೊಡಿ

ಎಂಟು ತಿಂಗಳ ಕಾಲ ನಮ್ಮ ಮೂವತ್ತೆರಡು ಜನರ ಬಾಯಿಗೆ ಮಾತ್ರೆ ಹಾಕಿದವಳು ನಮ್ಮ ಬಟ್ಟೆ ಒಗೆಯುವ ಹೆಂಗಸು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅರ್ಧ ಓದಿದ ಮೇಲೆ ಗೊತ್ತಾಗಿ 'ಅಯ್ಯೋ, ಲೈಸೆನ್ಸ್ ಇಲ್ಲದವಳ ಕೈಲಿ ಔಷಧಿಯೇ!' ಎಂದು ಎದೆ ಹಿಡಿದುಕೊಳ್ಳುವವರು ಈಗಲೇ ಹಿಡಿದುಕೊಳ್ಳಲಿ. ನುಂಗಿದವರು ನಾವು. ಓದುವವರಿಗೇನು ಕಷ್ಟ?

ನಾನು ಈ ವೃದ್ಧರ ಮನೆಯ ಮೊದಲ ಮಹಡಿಯಲ್ಲಿ, ಕಿಟಕಿ ಪಕ್ಕದ ಮಂಚದವಳು. ನಲವತ್ತು ವರ್ಷ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದಿದ್ದೇನೆ. ಇಲ್ಲಿಗೆ ಬಂದ ದಿನವೇ ಊಟದ ಹಾಲಿನ ಗೋಡೆಯ ಮೇಲೆ 'ಶುಚೀತ್ವ ಕಾಪಾಡಿ' ಎಂದು ಬರೆದದ್ದು ಕಣ್ಣಿಗೆ ಚುಚ್ಚಿತು. ಕುರ್ಚಿ ಹತ್ತಿ ಆ ದೀರ್ಘವನ್ನು ಹೊಡೆದುಹಾಕಿದೆ. ಕುರ್ಚಿಯಿಂದ ಇಳಿಯುವಷ್ಟರಲ್ಲಿ ನನಗೆ 'ತಿದ್ದಮ್ಮ' ಎಂದು ಹೆಸರು ಬಿದ್ದಿತ್ತು. ಇರಲಿ, ಇಲ್ಲಿ ಯಾರಿಗೂ ಮನೆಯವರು ಇಟ್ಟ ಹೆಸರು ಉಳಿದಿಲ್ಲ. ಟೈಲರ್, ಕಂಡಕ್ಟರ್, ಮೇಷ್ಟ್ರು, ಅಂಥವೇ ಎಲ್ಲ.

ನಮ್ಮ ಮ್ಯಾನೇಜರಿಗೆ ಪ್ರಿಯವಾದ ಪದ 'ತಾತ್ಕಾಲಿಕ'. ಲಿಫ್ಟಿನ ಬಾಗಿಲಿಗೆ 'ತಾತ್ಕಾಲಿಕವಾಗಿ ಕೆಟ್ಟಿದೆ' ಎಂಬ ಚೀಟಿ ಅಂಟಿಸಿ ನಾಲ್ಕು ವರ್ಷವಾಗಿದೆ. ಅಂಟು ಒಣಗಿ ಚೀಟಿ ಬಿದ್ದಾಗಲೆಲ್ಲ ಹೊಸ ಚೀಟಿ ಬರುತ್ತದೆ, ರಿಪೇರಿಯವನು ಬರುವುದಿಲ್ಲ. ನಮ್ಮ ನರ್ಸ್ ಬೇರೆ ಕಡೆ ಒಳ್ಳೆ ಕೆಲಸ ಸಿಕ್ಕಿತೆಂದು ಬಿಟ್ಟುಹೋದಾಗಲೂ ಮ್ಯಾನೇಜರು ಹೊಸಬಳನ್ನು ಹುಡುಕುವ ಗೋಜಿಗೆ ಹೋಗಲಿಲ್ಲ. ಮಾತ್ರೆಯ ತಟ್ಟೆ ಹಿಡಿದುಕೊಂಡು ಸೀದಾ ಲಾಂಡ್ರಿಗೆ ನಡೆದರು. ನನ್ನ ಶಾಲಿನ ಕಲೆ ತೋರಿಸಲು ಹೋಗಿದ್ದ ನಾನು ಅಲ್ಲೇ ನಿಂತಿದ್ದೆ.

"ಮೂವತ್ತೆರಡು ಜನರ ಕಾಲುಚೀಲ ಒಗೀತೀಯ. ಯಾವತ್ತಾದ್ರೂ ಒಂದು ಅದಲು ಬದಲಾಗಿದೆಯಾ?" ಎಂದು ಕೇಳಿದರು.

"ಇಲ್ಲ ಸಾರ್."

"ಮತ್ತೆ? ಮಾತ್ರೆ ಕಾಲುಚೀಲಕ್ಕಿಂತ ಸುಲಭ. ಜೋಡಿ ಹುಡುಕೋ ತಾಪತ್ರಯ ಇಲ್ಲ. ತಾತ್ಕಾಲಿಕವಾಗಿ ನೀನೇ ಕೊಡು."

ಅವಳು ಕೈ ಒರೆಸಿಕೊಂಡು ತಟ್ಟೆ ತೆಗೆದುಕೊಂಡಳು.

ಅವಳಿಗೆ ನಲವತ್ತೈದು ದಾಟಿತ್ತು. ಗಿಡ್ಡ ಆಳು, ಅಗಲ ಭುಜ, ಸೋಪಿನ ನೀರಿನಲ್ಲಿ ಯಾವಾಗಲೂ ನೆನೆದು ಸುಕ್ಕುಗಟ್ಟಿದ ಬೆರಳುಗಳು. ಅಡುಗೆಮನೆಯ ಹಿಂದಿನ ಲಾಂಡ್ರಿ ಕೋಣೆಯಲ್ಲಿ ಎರಡು ಯಂತ್ರಗಳಿವೆ. ಅದರಲ್ಲಿ ಒಂದಕ್ಕೆ ತಿರುಗುವಾಗ ನಡೆಯುವ ಚಾಳಿ. ಗಡಗಡ ಎನ್ನುತ್ತ ಗೋಡೆ ಬಿಟ್ಟು ಬಾಗಿಲವರೆಗೂ ಬರುತ್ತದೆ. ಅವಳು ಅದನ್ನು ಸೊಂಟದಿಂದ ಒತ್ತಿ ಹಿಡಿದುಕೊಂಡೇ ಬಟ್ಟೆ ಮಡಚುತ್ತಿದ್ದಳು. ಓದಿದ್ದು ನಾಲ್ಕನೇ ತರಗತಿ. ಕನ್ನಡ ಕೂಡಿಸಿಕೊಂಡು ಓದುತ್ತಿದ್ದಳು. ಔಷಧಿ ಡಬ್ಬಿಗಳ ಮೇಲಿನ ಇಂಗ್ಲಿಷ್ ಅಕ್ಷರ ಅವಳಿಗೆ ಬಟ್ಟೆಯ ಮೇಲಿನ ಕಲೆ ಇದ್ದ ಹಾಗೆ. ಇದೆ ಎಂದು ಗೊತ್ತು, ಯಾವುದರದ್ದು ಎಂದು ಗೊತ್ತಿಲ್ಲ.

ಆದರೆ ಅವಳ ಹತ್ತಿರ ಅವಳದೇ ಒಂದು ಲಿಪಿ ಇತ್ತು. ನಮ್ಮೆಲ್ಲರ ಬಟ್ಟೆಯ ಒಳಮೂಲೆಯಲ್ಲಿ ತೊಳೆದರೂ ಹೋಗದ ಶಾಯಿಯಿಂದ ಒಂದೊಂದು ಗುರುತು ಹಾಕಿದ್ದಳು. ಮೇಷ್ಟ್ರಿಗೆ ಗುಣಿಸುವ ಗುರುತು, ಕಂಡಕ್ಟರಿಗೆ ಒಂದು ಗಾಲಿ, ಟೈಲರಿಗೆ ನಾಲ್ಕು ತೂತಿನ ಗುಂಡಿ. ನನಗೆ ನಾನೇ ಹೇಳಿ ಹಾಕಿಸಿಕೊಂಡದ್ದು, ಕರಡಿನಲ್ಲಿ 'ಇದನ್ನು ತೆಗೆದುಹಾಕಿ' ಎನ್ನಲು ಹಾಕುವ ಸುರುಳಿ. ಅವೇ ಗುರುತುಗಳನ್ನು ಈಗ ಔಷಧಿ ಡಬ್ಬಿಗಳ ಮೇಲೂ ಬರೆದಳು. ಮಾತ್ರೆಗಳಿಗೂ ತಾನೇ ಹೆಸರಿಟ್ಟಳು: ಗುಲಾಬಿ ದುಂಡು, ಹಳದಿ ಗೀರಿನದು, ಹೊಟ್ಟೆಯದು, ನೀರಿನದು. ಹಿಂದಿನ ನರ್ಸ್ ಇರುವಾಗ ನನ್ನ ಬಿಪಿ ಮಾತ್ರೆ ಎರಡು ಸಲ ಪಕ್ಕದ ಮಂಚಕ್ಕೆ ಹೋಗಿತ್ತು. ಇವಳ ಕೈಯಲ್ಲಿ ಒಮ್ಮೆಯೂ ಹಾಗಾಗಲಿಲ್ಲ. ಇದನ್ನು ಅವಳ ಪರವಾಗಿ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ಅವಳ ವಿರುದ್ಧವಾಗಿ ಹೇಳುವುದಿದೆ.

ಅವಳಿಗೆ ಹೆಸರಿಟ್ಟವರು ಮೇಷ್ಟ್ರು. ಅವರು ಮೂವತ್ತು ವರ್ಷ ಶಾಲೆಯಲ್ಲಿ ಛಂದಸ್ಸು ಕಲಿಸಿದವರು. ಮೊದಲ ದಿನ ಅವಳು ಅವರ ಅಂಗೈಯಲ್ಲಿ ಐದು ಮಾತ್ರೆ ಎಣಿಸಿ ಇಟ್ಟಾಗ ಅವರು ತರಗತಿಯ ದನಿಯಲ್ಲೇ, "ನೋಡ್ರಪ್ಪಾ, ಲಘುವಿಗೊಂದು ಮಾತ್ರೆ, ಗುರುವಿಗೆ ಎರಡು ಅಂತ ಹೇಳಿ ಹೇಳಿ ಮಕ್ಕಳ ತಲೆ ತಿಂದೆ. ಈಗ ಈ ಗುರುವಿಗೆ ಐದು!" ಎಂದರು. ಅವಳಿಗೆ ಜೋಕು ತಿಳಿಯಲಿಲ್ಲ, ಆದರೆ ಎಲ್ಲರೂ ನಕ್ಕರೆಂದು ತಾನೂ ನಕ್ಕಳು. ಅವತ್ತಿನಿಂದ ಅವಳು 'ಮಾತ್ರಮ್ಮ'.

ಆ ತಟ್ಟೆ ಅವಳಿಗೆ ಏನಾಗಿತ್ತು ಎಂದು ನನಗೆ ಗೊತ್ತಾದದ್ದು ಒಂದು ತಿಂಗಳ ಮೇಲೆ. ಅವಳ ಮನೆಯಲ್ಲಿ ಇರುವವರು ಇಬ್ಬರು. ಗಂಡ ಮರ ಕೊಯ್ಯುವ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ನಿಂತು ಕಿವಿ ಕಳೆದುಕೊಂಡವನು. ಅತ್ತೆಗೆ ಕಿವಿ ಚೆನ್ನಾಗಿದೆ, ಆದರೆ ಸೊಸೆಯ ಮಾತು ಮಾತ್ರ ಕೇಳಿಸುವುದಿಲ್ಲ. ಸೊಸೆ ಏನು ಬಡಿಸಿದರೂ ಮೊದಲು ಮೂಸಿ ನೋಡಿಯೇ ತಿನ್ನುವ ಮುದುಕಿ.

"ಮದುವೆಯಾಗಿ ಇಪ್ಪತ್ತಾರು ವರ್ಷ ಆಯ್ತಮ್ಮ. ಇವತ್ತಿಗೂ ನನ್ನ ಕೈಯಿಂದ ನೀರು ಈಸ್ಕೊಂಡ್ರೂ ಲೋಟದೊಳಗೆ ಇಣುಕಿ ನೋಡ್ತಾರೆ," ಎಂದಳು ಒಮ್ಮೆ. "ಇಲ್ಲಿ ನೋಡಿ, ನಾನು ಹತ್ತಿರ ಹೋದ್ರೆ ಸಾಕು, ಎಲ್ರೂ ಬಾಯಿ ಬಿಡ್ತೀರಾ. ಬಟ್ಟೆ ಬುಟ್ಟಿ ಹಿಡ್ಕೊಂಡು ಬಂದ್ರೆ ಬುಟ್ಟಿ ನೋಡ್ತೀರಾ. ತಟ್ಟೆ ಹಿಡ್ಕೊಂಡು ಬಂದ್ರೆ ನನ್ನ ಮುಖ ನೋಡ್ತೀರಾ." ಆಮೇಲೆ ಕೇಳಿದಳು: "ಸರ್ಕಾರದ ತಪಾಸಣೆಯವರಿಗೆ ಗೊತ್ತಾದ್ರೆ ತಟ್ಟೆ ಕಿತ್ಕೋತಾರೆ, ಅಲ್ವಾ ಅಮ್ಮ?"

ಹೌದು ಎಂದೆ. ಸುಳ್ಳು ಹೇಳಿ ಸಮಾಧಾನ ಮಾಡುವುದು ನನಗೆ ಬರುವುದಿಲ್ಲ. ಅವತ್ತಿಡೀ ಅವಳು ತಟ್ಟೆಯನ್ನು ಉಜ್ಜಿದ್ದೇ ಉಜ್ಜಿದ್ದು.

ಈಗ 'ಬೇಕಾದರೆ' ಎಂಬ ಆ ಹಾಳು ಪದದ ವಿಷಯಕ್ಕೆ ಬರುತ್ತೇನೆ.

ನಮ್ಮ ಡಾಕ್ಟರು ಹದಿನೈದು ದಿನಕ್ಕೊಮ್ಮೆ ಬರುತ್ತಾರೆ. ಒಳ್ಳೆಯವರೇ, ಆದರೆ ಕಾರಿನ ಇಂಜಿನ್ ಆಫ್ ಮಾಡುವುದಿಲ್ಲ. ಅವರು ಮೆಟ್ಟಿಲಿಳಿಯುತ್ತ ಹೇಳಿದ್ದನ್ನು ಮ್ಯಾನೇಜರು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಔಷಧಿ ಕಪಾಟಿಗೆ ಅಂಟಿಸುತ್ತಿದ್ದರು. ಇಂಥವರಿಗೆ ಇಂಥದ್ದು ಬೆಳಿಗ್ಗೆ, ಇಂಥದ್ದು ಊಟದ ಮೇಲೆ, ಎಲ್ಲ ಸರಿ. ಕೊನೆಯಲ್ಲಿ ಮೂರು ಸಾಲು: 'ನೋವಿನ ಮಾತ್ರೆ, ಬೇಕಾದರೆ ಕೊಡಿ. ಹೊಟ್ಟೆ ಸಡಿಲವಾಗುವ ಮಾತ್ರೆ, ಬೇಕಾದರೆ ಕೊಡಿ. ಟೈಲರಿಗೆ ಬೆಳಿಗ್ಗೆ ನೀರಿನ ಮಾತ್ರೆ ಇನ್ನೊಂದು, ಬೇಕಾದರೆ ಕೊಡಿ.' ಟೈಲರಿನ ಹೃದಯಕ್ಕೆ ಬಲ ಸಾಲದು. ಮೈಯಲ್ಲಿ ನೀರು ನಿಲ್ಲುತ್ತದೆ. ನಿಂತ ನೀರನ್ನು ಮೂತ್ರದಲ್ಲಿ ಇಳಿಸುವ ಮಾತ್ರೆ ಅದು.

ಆ ಹಾಳೆಯನ್ನು ನಾನೂ ಓದಿದೆ. ಪೆನ್ನು ತೆಗೆದು 'ಮಾತ್ರೇ' ಎಂದಿದ್ದನ್ನು ಮೂರು ಕಡೆ 'ಮಾತ್ರೆ' ಮಾಡಿದೆ. 'ಬೇಕಾದರೆ' ಎಂಬುದರ ಕಾಗುಣಿತ ಸರಿಯಿತ್ತು, ಹಾಗೇ ಬಿಟ್ಟೆ. ನಲವತ್ತು ವರ್ಷದ ಅನುಭವಕ್ಕೆ ಬೆಂಕಿ ಬೀಳಲಿ.

ಮಾತ್ರಮ್ಮ ಆ ಸಾಲನ್ನು ಬೆರಳಿಟ್ಟು ಕೂಡಿಸಿಕೊಂಡು ಓದಿದಳು. ಬೇಕಾದರೆ ಕೊಡಿ. ಅದರಲ್ಲಿ ತಿಳಿಯದೇ ಇರುವುದೇನಿದೆ? ಯಾರಿಗೆ ಬೇಕೋ ಅವರಿಗೆ ಕೊಡಬೇಕು. ಬೇಡವೆಂದವರಿಗೆ ಕೊಡಬಾರದು. ಮರುದಿನದಿಂದ ಒಬ್ಬೊಬ್ಬರ ಮಂಚದ ಹತ್ತಿರವೂ ನಿಂತು ಕೇಳತೊಡಗಿದಳು: "ನೋವಿಂದು ಬೇಕಾ? ಹೊಟ್ಟೆದು ಬೇಕಾ?"

ಈ ಪ್ರಶ್ನೆ ನಮ್ಮ ಮೇಲೆ ಮಾಡಿದ ಪರಿಣಾಮವನ್ನು ಹೊರಗಿನವರು ಊಹಿಸಲಾರರು. ಈ ಮನೆಯಲ್ಲಿ ಎಷ್ಟು ಗಂಟೆಗೆ ಏಳಬೇಕು, ಏನು ತಿನ್ನಬೇಕು, ಟಿವಿಯಲ್ಲಿ ಯಾವುದನ್ನು ನೋಡಬೇಕು, ಫ್ಯಾನು ಯಾವ ನಂಬರಿನಲ್ಲಿ ತಿರುಗಬೇಕು, ಎಲ್ಲವನ್ನೂ ಬೇರೆಯವರು ತೀರ್ಮಾನಿಸುತ್ತಾರೆ. 'ಬೇಕಾ?' ಎಂದು ಒಬ್ಬರೂ ಕೇಳುವುದಿಲ್ಲ. ಅಂಥದ್ದರಲ್ಲಿ ಒಬ್ಬಳು ದಿನಾ ಬೆಳಿಗ್ಗೆ ಎದುರಿಗೆ ನಿಂತು ಕೇಳುತ್ತಾಳೆ, ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾಳೆ! ನಮಗೆಲ್ಲ ಕೋಡು ಮೂಡಿತು. ಮೇಷ್ಟ್ರು ಕಣ್ಣು ಮುಚ್ಚಿ ಯೋಚಿಸಿ, "ಇವತ್ತು ಎಡ ಮೊಣಕಾಲಿಗೆ ಬೇಕು, ಬಲಗಾಲಿಗೆ ಬೇಡ" ಎಂದರು. ಅರ್ಧ ಮಾತ್ರೆ ಸಿಕ್ಕಿತು. ಮೂಲೆಯ ಕೋಣೆಯ ಅಜ್ಜಿ ಮೂರು ದಿನ ಯೋಚಿಸಿ ಹೇಳುತ್ತೇನೆ ಎಂದರು. ಕಂಡಕ್ಟರು ಪಕ್ಕದ ಮಂಚದತ್ತ ಕತ್ತು ಚಾಚಿ, "ಅವರಿಗೆ ಹೊಟ್ಟೆದು ಕೊಟ್ಯಾ?" ಎಂದು ವಿಚಾರಿಸುತ್ತಿದ್ದರು.

"ಕೊಟ್ಟೆ."

"ಅವರಿಗೆ ಕೊಟ್ಟು ನನ್ನ ಬಿಟ್ಟು ಹೋಗ್ತೀಯಾ? ನನಗೂ ಒಂದು ಹಾಕು."

ಹೀಗೆ ಒಬ್ಬರನ್ನು ನೋಡಿ ಒಬ್ಬರು ಹೊಟ್ಟೆಯದನ್ನು ತೆಗೆದುಕೊಂಡ ಮರುದಿನ ನಮ್ಮ ಮಹಡಿಯ ಎರಡೇ ಕಕ್ಕಸಿನ ಮುಂದೆ ಹನ್ನೊಂದು ಜನರ ಸಾಲು. ಕಂಡಕ್ಟರು ಸಾಲಿನ ಕೊನೆಯಲ್ಲಿ ಗೋಡೆ ಹಿಡಿದು ನಿಂತು, ಮುಂದಿನವರನ್ನೆಲ್ಲ ಬೇಗ ಇಳಿಯಿರಿ, ಬೇಗ ಇಳಿಯಿರಿ ಎಂದು ಕೂಗುತ್ತಿದ್ದರು.

ನಾನು ಇಂಥ ವೈಭವಗಳಿಗೆಲ್ಲ ಹೋಗಲಿಲ್ಲ. ಅವಳು ಬಾಯಿ ತೆರೆಯುವ ಮೊದಲೇ, "ಬೇಕು, ಬೇಕು, ಬೇಗ ಕೊಟ್ಟು ಹೋಗು" ಎಂದು ನುಂಗಿ ಪತ್ರಿಕೆಯ ತಪ್ಪು ಹುಡುಕಲು ಕೂರುತ್ತಿದ್ದೆ. ನನ್ನ ಸಿಟ್ಟೆಲ್ಲ ಟೈಲರಿನ ಮೇಲೆ. ನನ್ನ ಪಕ್ಕದ ಮಂಚ, ನನಗಿಂತ ಮೊದಲಿನ ಸರದಿ ಆತನದು. ಎಪ್ಪತ್ತೆಂಟು ವರ್ಷ, ಕಡ್ಡಿಯಂಥ ಮೈ, ಎದುರಿಗೆ ಯಾರು ಬಂದರೂ ಮೊದಲು ಅವರ ತೋಳಿನ ಹೊಲಿಗೆ ನೋಡಿ ಮುಖ ಸಿಂಡರಿಸುವ ಸ್ವಭಾವ. ಮಳೆಗಾಲ ಮುಗಿಯುವ ಹೊತ್ತಿಗೆ ಆತ ನೀರಿನ ಮಾತ್ರೆ ಬೇಡ ಎನ್ನತೊಡಗಿದ.

"ಯಾಕಜ್ಜ ಬೇಡ?" ಮಾತ್ರಮ್ಮ ತಟ್ಟೆಯನ್ನು ಮಂಚದ ಮೇಲಿಟ್ಟಳೆಂದರೆ ಮುಗಿಯಿತು.

"ಅದು ತಗೊಂಡ್ರೆ ಹತ್ತು ನಿಮಿಷಕ್ಕೊಂದ್ಸಲ ಓಡ್ಬೇಕು. ಇಸ್ಪೀಟಲ್ಲಿ ನಾನು ಎದ್ದು ಹೋದಾಗ ಕಂಡಕ್ಟರ್ ನನ್ನ ಎಲೆ ನೋಡ್ತಾನೆ."

"ಎಲೆ ಜೇಬಲ್ಲಿಟ್ಕೊಂಡು ಹೋಗಿ."

"ಈ ಅಂಗಿಗೆ ಜೇಬೆಲ್ಲಿದೆ? ಹೊಲಿದವನು ಯಾವನೋ ಕತ್ತೆ."

"ನಾನು ಹಚ್ಚಿ ಕೊಡ್ತೀನಿ, ತಗೊಳ್ಳಿ."

"ನೀನು ಹಚ್ಚಿದ ಜೇಬು ನಾನು ಹಾಕ್ಕೊಳ್ಳೋದಾ? ಮೊದ್ಲು ನಿನ್ನ ರವಿಕೆ ತೋಳು ನೋಡ್ಕೋ. ಒಂದು ಮೇಲೆ, ಒಂದು ಕೆಳಗೆ."

ಅಲ್ಲಿಂದ ಅವಳ ರವಿಕೆ, ಅವಳ ಅತ್ತೆ, ಗಂಡನ ಕಿವಿ, ಆತ ಹಿಂದೆ ಹೊಲಿದ ಮದುವೆಯ ಕೋಟು, ಹೀಗೆ ಹತ್ತು ನಿಮಿಷ. ಕೊನೆಗೂ ಬೇಡವೆಂದರೆ ಬೇಡ. ಅವಳು ನಿಟ್ಟುಸಿರು ಬಿಟ್ಟು, "ಸರಿ, ನಿಮಗೆ ಬೇಡ ಅಂದ್ರೆ ನಾನೇನು ಮಾಡ್ಲಿ" ಎಂದು ಆ ಮಾತ್ರೆಯನ್ನು ವಾಪಸ್ ಡಬ್ಬಿಗೆ ಹಾಕುತ್ತಿದ್ದಳು. ನನ್ನ ಮಾತ್ರೆ ತಡವಾಯಿತೆಂದು ನಾನು ಕೂಗಾಡುತ್ತಿದ್ದೆ. ಹೀಗೆ ಹನ್ನೆರಡು ದಿನ.

ಕಪಾಟಿನ ಒಳಗೆ ಒಂದು ಫೈಲಿತ್ತು. ಯಾರಿಗೆ ಯಾವ ಮಾತ್ರೆ ಕೊಟ್ಟಾಯಿತು ಎಂದು ದಿನಾ ಗುರುತು ಹಾಕುವ ಫೈಲು. ಅದು ಮ್ಯಾನೇಜರದು. ಅವರು ವಾರಕ್ಕೊಮ್ಮೆ ಚಹಾ ಕುಡಿಯುತ್ತ, ಒಂದೇ ಪೆನ್ನಿನಲ್ಲಿ, ಎಲ್ಲ ಚೌಕಕ್ಕೂ ಸರಸರನೆ 'ಕೊಟ್ಟಿದೆ' ಎಂದು ಟಿಕ್ ಹಾಕಿಬಿಡುತ್ತಿದ್ದರು. ಮಾತ್ರಮ್ಮ ಅದನ್ನು ಮುಟ್ಟುವಂತಿರಲಿಲ್ಲ. ಅವಳ ಅಕ್ಷರ ಕಂಡರೆ ಬಣ್ಣ ಬಯಲಾಗುತ್ತಲ್ಲ!

ತಪಾಸಣೆ ಬಂದೇ ಬಂತು. ಮ್ಯಾನೇಜರಿಗೆ ಹಿಂದಿನ ದಿನ ಸುಳಿವು ಸಿಕ್ಕಿತ್ತು. ಬೆಳಿಗ್ಗೆ ತಮ್ಮ ನಾದಿನಿಯನ್ನು ಕರೆತಂದರು. ಆಕೆ ಫೋಟೋ ಸ್ಟುಡಿಯೋದಲ್ಲಿ ಮೇಕಪ್ ಮಾಡುವವಳು. ಬಿಳಿ ಕೋಟು ತೊಡಿಸಿ, ಕೈಗೆ ತಟ್ಟೆ ಕೊಟ್ಟು, 'ಇವರೇ ನರ್ಸ್' ಎಂದು ನಮಗೆ ಪರಿಚಯಿಸಿದರು. ಕೋಟಿನ ಜೇಬಿನಿಂದ ಲಿಪ್‌ಸ್ಟಿಕ್ಕಿನ ತಲೆ ಕಾಣುತ್ತಿತ್ತು. ಟೈಲರು ಮಲಗಿದಲ್ಲಿಂದಲೇ ಆ ಕೋಟನ್ನು ನೋಡಿ ಏನೋ ಹೇಳಲು ಹೋದ, ಆದರೆ ಮಾತು ಹೊರಡಲಿಲ್ಲ. ಆತ ಬಯ್ಯದೆ ಬಿಟ್ಟ ಮೊದಲ ಬಟ್ಟೆ ಅದು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಮಾತ್ರಮ್ಮನನ್ನು ಲಾಂಡ್ರಿಗೆ ಕಳಿಸುತ್ತ ಮ್ಯಾನೇಜರು ಹೇಳಿದರು: "ಇವತ್ತೊಂದಿನ ನೀನು ಬಟ್ಟೆ ಒಗೆಯೋಳು, ಅಷ್ಟೇ. ಮಾತ್ರೆ ದುಂಡಗಿದೆಯೋ ಉದ್ದಕ್ಕಿದೆಯೋ ನಿಂಗೆ ಗೊತ್ತಿಲ್ಲ. ಬಾಯಿ ಬಿಡದೆ ಇದ್ರೆ ಸಂಜೆ ತಟ್ಟೆ ನಿಂದೇ. ಬಿಟ್ಟೆ ಅಂದ್ರೆ ಗೊತ್ತಲ್ಲ?"

ಅವಳು ತಲೆಯಾಡಿಸಿ ಬಾಗಿಲು ಹಾಕಿಕೊಂಡಳು.

ತಪಾಸಣೆಗೆ ಬಂದದ್ದು ದಪ್ಪ ಕನ್ನಡಕದ ಒಬ್ಬ ಹೆಂಗಸು. ಡಾಕ್ಟರನ್ನೂ ಮ್ಯಾನೇಜರು ಕರೆಸಿ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದರು. ಅವರು ನಮ್ಮ ಮಹಡಿಗೆ ಬರುವ ಹೊತ್ತಿಗೆ ಟೈಲರು ದಿಂಬಿಗೊರಗಿ ಮೀನಿನಂತೆ ಬಾಯಿ ತೆರೆದು ಮುಚ್ಚುತ್ತಿದ್ದ. ಡಾಕ್ಟರು ಹೊದಿಕೆ ಸರಿಸಿದರು. ಕಾಲುಗಳು ಊದಿ ಹೊಳೆಯುತ್ತಿದ್ದವು. ಬೆರಳಿಟ್ಟು ಒತ್ತಿದರೆ ಗುಳಿ ಹಾಗೇ ನಿಂತಿತು. ನಾದಿನಿ ಅದನ್ನು ನೋಡಿ ನನ್ನ ಮಂಚದ ಮೇಲೆ ಕುಸಿದು ಕುಳಿತಳು. ನರ್ಸಿಗೆ ನೀರು ಕೊಟ್ಟವಳು ನಾನು.

"ಹೆಚ್ಚಿನ ನೀರಿನ ಮಾತ್ರೆ ಕೊಟ್ಟಿದ್ದೀರಾ?" ಎಂದು ಡಾಕ್ಟರು ಕೇಳಿದರು.

ಮ್ಯಾನೇಜರು ಫೈಲು ತೆರೆದು ತೋರಿಸಿದರು. "ಕೊಟ್ಟಿದೆ ಸಾರ್. ಹನ್ನೆರಡು ದಿನವೂ ಕೊಟ್ಟಿದೆ."

ಡಾಕ್ಟರ ಮುಖ ಕಪ್ಪಿಟ್ಟಿತು. "ದಿನಾ ಎರಡು ಮಾತ್ರೆ ಕೊಟ್ಟೂ ಇಷ್ಟು ನೀರು ನಿಂತಿದೆ ಅಂದ್ರೆ ಕಿಡ್ನಿ ಕೈಕೊಟ್ಟಿದೆ. ಇನ್ನು ಅದೇ ಔಷಧಿ ಚುಚ್ಚಿ ಪ್ರಯೋಜನ ಇಲ್ಲ. ಕಿಡ್ನಿ ಆಸ್ಪತ್ರೆಗೇ ಕಳಿಸ್ಬೇಕು."

ಆ ಆಸ್ಪತ್ರೆ ಮೂರು ಗಂಟೆಯ ದಾರಿ. ಟೈಲರಿನ ಉಸಿರು ಮೂರು ಗಂಟೆ ನಡೆಯುವ ಹಾಗೆ ನನಗೆ ಕಾಣಲಿಲ್ಲ.

ನನಗೆ ಗೊತ್ತಿತ್ತು. ಹನ್ನೆರಡು ದಿನವೂ ಆತ ಬೇಡವೆಂದದ್ದನ್ನು ಪಕ್ಕದಲ್ಲೇ ಕೂತು ಕೇಳಿದ್ದೆ. ಹೇಳಬೇಕೆಂದು ಬಾಯಿ ತೆರೆದೆ. ಹೇಳಿದರೆ ಅವಳ ತಟ್ಟೆ ಹೋಗುತ್ತದೆ. ಹೇಳದಿದ್ದರೆ ಈತ ಹೋಗುತ್ತಾನೆ. ಜೀವನವಿಡೀ ಕಂಡವರ ತಪ್ಪನ್ನು ಎತ್ತಿ ತೋರಿಸಿದ ನಾನು ಅವತ್ತು ಹೇಡಿಯಾದೆ. ಎದ್ದು ಕೋಲು ಹಿಡಿದು, ಮೊಣಕಾಲನ್ನು ಶಪಿಸುತ್ತ ಮೆಟ್ಟಿಲಿಳಿದು, ಆ ಭಾರವನ್ನು ಅವಳ ತಲೆಗೇ ಕಟ್ಟಲು ಲಾಂಡ್ರಿಗೆ ಹೋದೆ. ಇದಕ್ಕಾಗಿ ನನಗೆ ಈಗಲೂ ನಾಚಿಕೆಯಿದೆ.

"ಟೈಲರಿಗೆ ಉಸಿರು ಸಿಗ್ತಿಲ್ಲ. ನೀರಿಂದು ಕೊಟ್ಟಿದೆ ಅಂತ ಫೈಲಲ್ಲಿದೆ. ಡಾಕ್ಟ್ರು ಅದನ್ನೇ ನಂಬಿ ದೂರದ ಆಸ್ಪತ್ರೆಗೆ ಕಳಿಸ್ತಿದ್ದಾರೆ," ಎಂದೆ.

ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. ಯೋಚಿಸಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಮೊಳೆಗೆ ನೇತುಹಾಕಿದ್ದ ಬಟ್ಟೆ ಲೆಕ್ಕದ ಪುಸ್ತಕವನ್ನು ಕಿತ್ತುಕೊಂಡು ಸೋಪಿನ ನೊರೆಯ ಕೈಯಲ್ಲೇ ಓಡಿದಳು. ಯಂತ್ರವನ್ನು ನಿಲ್ಲಿಸುವುದನ್ನೂ ಮರೆತಳು. ಒತ್ತಿ ಹಿಡಿಯುವವರಿಲ್ಲದೆ ಅದು ಗಡಗಡ ಹೊರಟು ನನ್ನ ಕೋಲನ್ನು ಬೀಳಿಸಿತು. ನಾನು ಮತ್ತೆ ಮೇಲೆ ಹತ್ತುವಷ್ಟರಲ್ಲಿ ಅವಳು ಏದುಸಿರು ಬಿಡುತ್ತ ಹೇಳುತ್ತಿದ್ದಳು:

"ಅವರು ತಗೊಂಡಿಲ್ಲ ಡಾಕ್ಟ್ರೇ. ಹೆಚ್ಚಿಂದೂ ಇಲ್ಲ, ದಿನದ್ದೂ ಇಲ್ಲ. ಹನ್ನೆರಡು ದಿನದಿಂದ ಒಂದೂ ತಗೊಂಡಿಲ್ಲ."

"ಇವಳು ಬಟ್ಟೆ ಒಗೆಯೋಳು ಮೇಡಂ, ಇವಳಿಗೇನೂ ಗೊತ್ತಿಲ್ಲ," ಎಂದು ಮ್ಯಾನೇಜರು ಅಡ್ಡ ಬಂದರು.

"ಮಾತ್ರೆ ಕೊಡೋಳು ನಾನೇ. ಎಂಟು ತಿಂಗಳಿಂದ ನಾನೇ. ಇಲ್ಲಿದೆ ನೋಡಿ."

ದಪ್ಪ ಕನ್ನಡಕದ ಹೆಂಗಸು ಒದ್ದೆ ಪುಸ್ತಕವನ್ನು ತೆಗೆದುಕೊಂಡು ಗಟ್ಟಿಯಾಗಿ ಓದಿದರು. ಗುಂಡಿಯ ಚಿತ್ರದ ಎದುರು, "ಬನಿಯನ್ ಎರಡು, ಪೈಜಾಮ ಒಂದು, ನೀರಿಂದು ಬೇಡ ಅಂದ್ರು." ಹಾಳೆ ತಿರುವಿದರು. "ಟವೆಲ್ ಒಂದು, ನೀರಿಂದು ಬೇಡ ಅಂದ್ರು, ಕಂಡಕ್ಟರ್ ಎಲೆ ನೋಡ್ತಾರಂತೆ." ಇನ್ನೊಂದು ಹಾಳೆ. "ಕಾಲುಚೀಲ ಒಂದು ಜೊತೆ, ರಬ್ಬರ್ ಸಡಿಲ ಆಗಿದೆ, ಕಾಲು ದಪ್ಪ ಆಗಿರ್ಬೇಕು. ಬೇಡ ಅಂದ್ರು."

ಕೆಳಗೆ ಯಂತ್ರ ಗೋಡೆಗೆ ಗುದ್ದುವ ಸದ್ದು ಕೇಳುತ್ತಿತ್ತು. ಈ ಇಡೀ ಕಟ್ಟಡದಲ್ಲಿ ನಮ್ಮ ಆರೋಗ್ಯದ ಬಗ್ಗೆ ನಿಜ ಬರೆದಿದ್ದ ಒಂದೇ ಒಂದು ಕಾಗದ ಆ ಬಟ್ಟೆ ಪುಸ್ತಕವಾಗಿತ್ತು.

ಡಾಕ್ಟರು ಆಗಲೇ ಸೂಜಿಗೆ ಔಷಧಿ ಎಳೆಯುತ್ತಿದ್ದರು. ಚುಚ್ಚಿ ಮುಗಿಸಿ, ಹತ್ತಿರದ ಆಸ್ಪತ್ರೆಯ ಗಾಡಿಗೆ ಫೋನ್ ಮಾಡಿಸಿ, ಆಮೇಲೆ ಅವಳ ಕಡೆ ತಿರುಗಿದರು. "ಕಾಲು ಊದಿದ್ದು ನಿನಗೆ ಗೊತ್ತಾಗಿದೆ. ಮತ್ತೆ ಯಾಕಮ್ಮ ಕೊಡ್ಲಿಲ್ಲ?"

"ಬೇಡ ಅಂದ್ರಲ್ಲ. ಹಾಳೆಯಲ್ಲಿ ಬೇಕಾದ್ರೆ ಕೊಡಿ ಅಂತಾನೇ ಇದೆ. ನೀವೇ ಹೇಳಿದ್ದಂತೆ."

"ಬೇಕಾದ್ರೆ ಅಂದ್ರೆ ಅವರಿಗೆ ಬೇಕಾದ್ರೆ ಅಲ್ಲಮ್ಮ! ಅವರ ಕಾಲಿಗೆ ಬೇಕಾದ್ರೆ!"

ಅವಳು ಟೈಲರಿನ ಕಾಲನ್ನು ನೋಡಿದಳು. "ದಿನದ್ದನ್ನೂ ಅದರ ಜೊತೆಗೇ ಬೇಡ ಅಂದ್ರು. ಎರಡೂ ಒಂದೇ ಡಬ್ಬಿದು, ಒಂದೇ ಬಣ್ಣ. ಎರಡಕ್ಕೂ ಕೇಳ್ಬೇಕು ಅಂದ್ಕೊಂಡೆ," ಎಂದಳು. ಅವಳ ದನಿ ಕೇಳಿಸಿದ್ದು ನನಗೆ ಮತ್ತು ಡಾಕ್ಟರಿಗೆ ಮಾತ್ರ. ಡಾಕ್ಟರು ಆಮೇಲೆ ಬಯ್ಯಲಿಲ್ಲ. ಕಪಾಟಿನ ಹತ್ತಿರ ಹೋಗಿ ಆ ಹಾಳೆಯನ್ನು ಓದಿಕೊಂಡು ಬಹಳ ಹೊತ್ತು ನಿಂತರು. ಅವತ್ತು ಅವರ ಕಾರಿನ ಇಂಜಿನ್ ತಾನಾಗಿಯೇ ಆರಿಹೋಯಿತಂತೆ.

ಟೈಲರು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಬದುಕಿದ. ಮ್ಯಾನೇಜರು ದಂಡ ಕಟ್ಟಿ, ತಲೆ ತಗ್ಗಿಸಿ, ನಿಜವಾದ ನರ್ಸೊಬ್ಬಳನ್ನು ತಂದರು. ಚುರುಕು ಹುಡುಗಿ. ಲೈಸೆನ್ಸನ್ನು ಕೊರಳಿಗೇ ತೂಗುಹಾಕಿಕೊಂಡಿದ್ದಾಳೆ. ಯಾವ ಮಾತ್ರೆ ಯಾಕೆಂದು ಕೇಳಿದರೆ ಹೇಳುತ್ತಾಳೆ, ಕಾಲು ಮುಟ್ಟಿ ನೋಡುತ್ತಾಳೆ, ನುಂಗುವವರೆಗೆ ಕಾದು ಆಗಿಂದಾಗಲೇ ಫೈಲಿನಲ್ಲಿ ಬರೆಯುತ್ತಾಳೆ. ಹೀಗೇ ಇರಬೇಕಾದದ್ದು. ನನಗೆ ಅವಳ ಮೇಲೆ ಒಂದು ದೂರೂ ಇಲ್ಲ. ಮೂವತ್ತೆರಡು ಜನರಿಗೆ ನಲವತ್ತು ನಿಮಿಷದಲ್ಲಿ ಮುಗಿಸುತ್ತಾಳೆ.

ದಪ್ಪ ಕನ್ನಡಕದ ಹೆಂಗಸು ಹೋಗುವ ಮುಂಚೆ ಮಾತ್ರಮ್ಮನಿಗೆ ಒಂದು ಮಾತು ಹೇಳಿದ್ದರು. ನಾಲ್ಕು ತಿಂಗಳ ತರಬೇತಿಯಿದೆ, ಔಷಧಿಯ ಹೆಸರು ಓದಲು ಬರಬೇಕು, ಪರೀಕ್ಷೆ ಪಾಸಾದರೆ ನರ್ಸಿನ ಕೈಕೆಳಗೆ ಮತ್ತೆ ತಟ್ಟೆ ಹಿಡಿಯಬಹುದು ಎಂದು. ನಾನು ಮರುದಿನವೇ ದೊಡ್ಡ ಹಾಳೆಯಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಬರೆದುಕೊಂಡು ಲಾಂಡ್ರಿಗೆ ಹೋದೆ. ಅವಳು ತಿರುಗಿಯೂ ನೋಡಲಿಲ್ಲ.

"ಬೇಡಮ್ಮ. ಈ ಕೈ ಬಟ್ಟೆಗೇ ಸರಿ. ಒಬ್ರನ್ನ ಕೊಂದೇಬಿಡ್ತಿದ್ದೆ."

ಅವತ್ತಿನಿಂದ ಅವಳು ಕೋಣೆಗಳ ಒಳಗೆ ಬರುವುದನ್ನೇ ಬಿಟ್ಟಳು. ಮಡಚಿದ ಬಟ್ಟೆಯನ್ನು ಹೊಸ್ತಿಲ ಹೊರಗಿಟ್ಟು, ಬಾಗಿಲು ತಟ್ಟಿ, ನಾವು ಏಳುವಷ್ಟರಲ್ಲಿ ಮಾಯವಾಗುತ್ತಿದ್ದಳು. ನಾನು ಮಾತ್ರ ಹಠ ಬಿಡದೆ ದಿನಾ ಹಾಳೆ ಹಿಡಿದು ಹೋಗಿ, ಅವಳ ಬೆನ್ನಿಗೆ ಅಕ್ಷರ ಓದಿ ಹೇಳಿ ಬರುತ್ತಿದ್ದೆ. ಬೆನ್ನು ಒಂದು ದಿನವೂ ಉತ್ತರ ಕೊಡಲಿಲ್ಲ.

ಹೀಗೇ ಒಂದು ಬೆಳಿಗ್ಗೆ ನಾನಿರುವಾಗಲೇ ಟೈಲರು ಬಂದ. ಆಸ್ಪತ್ರೆಯಿಂದ ಬಂದು ಮೂರು ದಿನವಾಗಿತ್ತು. ಗೋಡೆ ಹಿಡಿದು ಹಿಡಿದು ನಡೆದು ಬಂದವನು ಬಟ್ಟೆ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತ.

"ನನಗೆ ಇಸ್ಪೀಟು ಆಡೋಕೆ ಬರಲ್ಲ ಕಣೇ," ಎಂದ.

ಅವಳು ಯಂತ್ರವನ್ನು ಸೊಂಟದಿಂದ ಒತ್ತಿ ಹಿಡಿದುಕೊಂಡೇ ನಿಂತಿದ್ದಳು. ತಿರುಗಲಿಲ್ಲ.

"ಎಲೆ ಹಿಡ್ಕೊಂಡು ಕೂರ್ತೀನಿ, ಅಷ್ಟೇ. ಕಂಡಕ್ಟರ್ ನೋಡಿದ್ರೆ ನನಗೇನು? ಸುಳ್ಳು ಹೇಳ್ದೆ ನಿಂಗೆ." ಆತ ತನ್ನ ಚಪ್ಪಲಿ ನೋಡುತ್ತ ಹೇಳಿದ. "ಬೇಕು ಅಂದ್ರೆ ನೀನು ಕೊಟ್ಟು ಮುಂದಿನ ಮಂಚಕ್ಕೆ ಹೋಗ್ಬಿಡ್ತಿದ್ದೆ. ಬೇಡ ಅಂದ್ರೆ ನಿಂತ್ಕೋತಿದ್ದೆ. ಹತ್ತು ನಿಮಿಷ. ಇಡೀ ದಿನದಲ್ಲಿ ನನ್ನ ಹತ್ರ ಒಬ್ರು ನಿಲ್ತಾ ಇದ್ದದ್ದು ಅಷ್ಟೇ."

ಅವಳು ತಿರುಗಿದಳು. ಸಾಂತ್ವನ ಹೇಳುತ್ತಾಳೆ ಎಂದುಕೊಂಡೆ. ಕೈಯಲ್ಲಿದ್ದ ಒದ್ದೆ ಟವೆಲನ್ನು ಆತನ ಕಾಲ ಬಳಿ ರಪ್ಪನೆ ಬಡಿದಳು.

"ಅದಕ್ಕೆ ಸಾಯೋಕೆ ಹೊರಟ್ರಾ? ಮಾತಾಡ್ಬೇಕು, ನಿಂತ್ಕೋ ಅಂತ ಹೇಳೋಕೆ ಬಾಯಿ ಇರ್ಲಿಲ್ವಾ? ಹನ್ನೆರಡು ದಿನ! ರಾತ್ರಿ ನಿದ್ದೆ ಇಲ್ಲ ನನಗೆ, ಊಟ ಸೇರ್ತಿಲ್ಲ, ಕೊಂದೆ ಕೊಂದೆ ಅಂತ..." ಯಂತ್ರದ ಮೇಲೆ ತಲೆಯಿಟ್ಟು ಜೋರಾಗಿ ಅತ್ತಳು. ಯಂತ್ರದ ಜೊತೆ ಅವಳ ಅಳುವೂ ಗಡಗಡ ನಡುಗುತ್ತಿತ್ತು. ನಗು ಬರುವಂಥ ಸದ್ದು, ಆದರೆ ನಾವಿಬ್ಬರೂ ನಗಲಿಲ್ಲ.

ಅತ್ತು ಮುಗಿಸಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನಾಳೆಯಿಂದ ಆ ನರ್ಸ್ ಕೊಟ್ಟಿದ್ದನ್ನ ತಕರಾರಿಲ್ದೆ ನುಂಗ್ಬೇಕು. ನುಂಗಿ ಇಲ್ಲಿಗೆ ಬನ್ನಿ."

"ಬಂದು ಏನು ಮಾಡ್ಲಿ?"

"ಏನೂ ಮಾಡ್ಬೇಡಿ. ಕೂತಿರಿ. ನಾನೆಲ್ಲೂ ಹೋಗಲ್ಲ." ಆಮೇಲೆ ನನ್ನ ಕಡೆ ಕೈ ಚಾಚಿ, ಮುಖ ನೋಡದೆ, "ಆ ಹಾಳೆ ಕೊಡಿ ಅಮ್ಮ. ಮೊದಲನೇ ಅಕ್ಷರ ಏನಂದ್ರಿ?" ಎಂದಳು.

ಹೇಳಿದೆ. ಎಂಟು ತಿಂಗಳು ನಾನು ಒಂದು ದಿನವೂ ಬೇಡ ಎಂದವಳಲ್ಲ. ಬೇಕು, ಬೇಕು, ಬೇಗ ಕೊಟ್ಟು ಹೋಗು ಎಂದು ನಾನೇ ಅವಳನ್ನು ದಿನಾ ಅಟ್ಟಿದ್ದೆ. ಆ ಮುದುಕನ ಮೇಲೆ ನನಗೆ ಎಂಥ ಹೊಟ್ಟೆಕಿಚ್ಚಾಯಿತು ಎಂದರೆ ಅಲ್ಲಿ ನಿಲ್ಲಲಾಗದೆ ಹೊರಟು ಬಂದೆ.

ಮರುದಿನ ಬೆಳಿಗ್ಗೆ ನರ್ಸ್ ಕೊಟ್ಟ ನಾಲ್ಕನ್ನೂ ನುಂಗಿ, ಲೋಟದ ತುಂಬ ನೀರು ಕುಡಿದು, ಯಾರಿಗೂ ಕಾಣದ ಹಾಗೆ ಮೆಲ್ಲಗೆ ಮೆಟ್ಟಿಲಿಳಿದೆ. ಲಾಂಡ್ರಿಯ ಬಾಗಿಲಲ್ಲಿ ಆಗಲೇ ಏಳು ಜನ ಕುರ್ಚಿ ಹಾಕಿಕೊಂಡು ಕೂತಿದ್ದರು.